ದಿನಕ್ಕೆ ಕಾಲು ಸುತ್ತಿನಂತೆ ಕೆಲಸಕ್ಕೆ ಮರಳಲು ಕೋರಿ

ಇಂದ,
ದಾಖಲೆ ಪುಸ್ತಕಗಳಿಗೆ ರಟ್ಟು ಕಟ್ಟುವವಳು,
ಜನನ ಮರಣ ನೋಂದಣಿ ಕಚೇರಿ, ನೆಲಮಾಳಿಗೆ,
ಎಡಗಡೆ ಕೊನೆಯ ಕೋಣೆ (ಅಂಟಿನ ವಾಸನೆ ಬರುವುದು).

ಗೆ,
ಎಡ ಗ್ರಂಥಿ ಮತ್ತು ಬಲ ಗ್ರಂಥಿ ಮಹಾಶಯರು,
ಮೂತ್ರಪಿಂಡಗಳ ನೆತ್ತಿಯ ಮೇಲೆ,
ಮೇಲ್ಕಂಡವಳ ಬೆನ್ನಿನ ಒಳಭಾಗ.

ಮೂಲಕ: ಸೂಕ್ತ ಮಾರ್ಗ ಯಾವುದೆಂದು ತಿಳಿಯದ ಕಾರಣ, ದೇವರ ಮೂಲಕ.

ವಿಷಯ: ಏಳು ತಿಂಗಳಿನಿಂದ ರಜೆಯಲ್ಲಿರುವ ತಾವಿಬ್ಬರೂ ನಾಳೆ ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಒಂದು ಮಿಲಿಗ್ರಾಮಿನಷ್ಟು ಕೆಲಸಕ್ಕೆ ಹಾಜರಾಗುವ ಬಗ್ಗೆ.

ಉಲ್ಲೇಖ: ೧) ಮಾತ್ರೆ ಇಳಿಸುವ ಕ್ರಮ ಕುರಿತು ಡಾಕ್ಟರಮ್ಮನವರು ಬರೆದುಕೊಟ್ಟ ಪಟ್ಟಿ. ಮೂಲೆಯಲ್ಲಿ ಅಂಟಿನ ಕಲೆ ಇದೆ.
೨) ನಮ್ಮ ಮೇಲ್ವಿಚಾರಕರ ಬಾಯಿಮಾತಿನ ಆದೇಶ. ಬರಹದಲ್ಲಿ ಕೊಡಿ ಎಂದು ಕೇಳಿದಾಗ ಕೊಟ್ಟಿರುವುದಿಲ್ಲ.
೩) ಅತ್ತೆಯವರು ಹೇಳಿದ ಕಥೆ.

ಮಾನ್ಯ ಎಡದವರೇ, ಮಾನ್ಯ ಬಲದವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಹುಟ್ಟಿದಂದಿನಿಂದ ನಲವತ್ತೇಳು ವರ್ಷಗಳ ಕಾಲ ತಾವಿಬ್ಬರೂ ನನ್ನೊಳಗೆ ಒಂದು ದಿನವೂ ತಪ್ಪದೆ ಕೆಲಸ ಮಾಡಿದ್ದು, ಆ ಅವಧಿಯಲ್ಲಿ ತಮ್ಮ ಹೆಸರನ್ನು ನಾನು ಒಮ್ಮೆಯೂ ಕೇಳಿರುವುದಿಲ್ಲ. ಇದಕ್ಕಾಗಿ ಮೊದಲು ಕ್ಷಮೆ ಕೋರುತ್ತೇನೆ. ನನ್ನ ಕೆಲಸವೂ ಅಂಥದ್ದೇ. ಪುಸ್ತಕ ಗಟ್ಟಿಯಾಗಿರುವವರೆಗೆ ರಟ್ಟು ಕಟ್ಟಿದವರು ಯಾರೆಂದು ಯಾರೂ ಕೇಳುವುದಿಲ್ಲ. ಹಾಳೆ ಕಳಚಿ ಬಿದ್ದ ದಿನ ಕೇಳುತ್ತಾರೆ. ಸದ್ಯ ನನ್ನನ್ನು ಕೇಳುತ್ತಿದ್ದಾರೆ. ಆ ಕಾರಣದಿಂದ ನಾನು ತಮ್ಮನ್ನು ಕೇಳುತ್ತಿದ್ದೇನೆ.

ಸಂಗತಿಗಳು ಈ ಕೆಳಗಿನಂತಿವೆ.

೧. ಕಳೆದ ವರ್ಷದ ಕೊನೆಯಲ್ಲಿ ನನ್ನ ಮೈಗೆ ಉರಿಯೂತದ ಕಾಯಿಲೆ ಬಂದಿರುತ್ತದೆ. ಅದರ ಪೂರ್ತಿ ಹೆಸರು ಉದ್ದವಾಗಿದ್ದು, ನಮ್ಮ ಕಚೇರಿಯ ರಜೆ ಅರ್ಜಿಯ ಕಾಲಂನಲ್ಲಿ ಹಿಡಿಯಲಿಲ್ಲ. ಡಾಕ್ಟರಮ್ಮನವರು ಸುಲಭವಾಗಿ ಹೇಳಿದ್ದು ಹೀಗೆ: "ನಿಮ್ಮನ್ನ ಕಾಯಬೇಕಾದ ಪಡೆ ನಿಮ್ಮ ಮೇಲೇ ತಿರುಗಿಬಿದ್ದಿದೆ ಅಮ್ಮ. ಕಳ್ಳ ಯಾರು, ಮನೆಯವರು ಯಾರು ಅಂತ ಅದಕ್ಕೆ ಗೊತ್ತಾಗ್ತಿಲ್ಲ. ಇದು ಪೂರ್ತಿ ಹೋಗಲ್ಲ, ಆದ್ರೆ ಹದ್ದುಬಸ್ತಲ್ಲಿ ಇಡಬಹುದು." ಬೆರಳುಗಳು, ಮಣಿಕಟ್ಟು, ಮೊಣಕಾಲು ಎಲ್ಲವೂ ಊದಿಕೊಂಡು, ಬೆಳಿಗ್ಗೆ ಎದ್ದಾಗ ಕೈ ಮುಷ್ಟಿಯಾಗುತ್ತಿರಲಿಲ್ಲ. ನಮ್ಮ ಯಜಮಾನರು ನನ್ನ ಜಡೆ ಹೆಣೆಯಲು ಕಲಿತರು. ಅವರು ಲಿಫ್ಟ್ ರಿಪೇರಿ ಮಾಡುವವರಾದ ಕಾರಣ ಜಡೆ ಬಹಳ ಬಿಗಿಯಾಗಿ ಬರುತ್ತಿತ್ತು. ತಂತಿ ಹಗ್ಗ ಎಳೆದು ನೋಡುವಂತೆ ಎರಡು ಸಲ ಎಳೆದು ನೋಡಿ, "ಇನ್ನು ಹತ್ತು ಜನ ಜೋತಾಡಬಹುದು" ಎನ್ನುತ್ತಿದ್ದರು.

೨. ಆದ್ದರಿಂದ ಡಾಕ್ಟರಮ್ಮನವರು ಸ್ಟೀರಾಯ್ಡ್ ಮಾತ್ರೆಯನ್ನು ದಿನಕ್ಕೆ ನಲವತ್ತು ಮಿಲಿಗ್ರಾಂನಂತೆ ಆರಂಭಿಸಿದರು. ತಮಗೆ ಈ ಸಂಬಂಧ ಆಗ ಯಾವ ತಿಳಿವಳಿಕೆ ಪತ್ರವನ್ನೂ ಕಳಿಸಿರುವುದಿಲ್ಲ. ಆ ಮಾತ್ರೆ ಮಾಡುವ ಕೆಲಸವನ್ನೇ ತಾವಿಬ್ಬರೂ ಹುಟ್ಟಿನಿಂದ ದಿನಕ್ಕೆ ಸುಮಾರು ಐದು ಮಿಲಿಗ್ರಾಮಿನಷ್ಟು ಸದ್ದಿಲ್ಲದೆ ಮಾಡುತ್ತಿದ್ದಿರಂತೆ. ಎಂಟು ಪಟ್ಟು ಬಲದ ಬದಲಿ ನೌಕರ ದಿಢೀರನೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತಾಗ, ತಾವು "ಸರಿ, ನಮ್ಮ ಕೆಲಸ ಇಲ್ಲ" ಎಂದು ಎದ್ದುಹೋಗಿ ಮಲಗಿದ್ದು ಸಹಜ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ಬಗ್ಗೆ ನನ್ನ ಆಕ್ಷೇಪಣೆ ಇರುವುದಿಲ್ಲ.

೩. ಸದರಿ ಬದಲಿ ನೌಕರನ ಆಡಳಿತದಲ್ಲಿ ಮೂರನೆಯ ದಿನ ನನ್ನ ಮುಷ್ಟಿ ಬಿಗಿಯಿತು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಒಂದು ವಾರದಲ್ಲಿ ನಿದ್ದೆ ಹೋಯಿತು, ಹಸಿವು ಹೆಚ್ಚಿತು, ಮುಖ ಗುಂಡಗಾಯಿತು. ಕಚೇರಿಯ ಗೇಟಿನಲ್ಲಿ ಕಾವಲುಗಾರ ನನ್ನ ಗುರುತಿನ ಚೀಟಿಯ ಫೋಟೋ ನೋಡಿ, "ಇದು ನಿಮ್ಮ ತಂಗೀದಾ ಅಮ್ಮ?" ಎಂದು ಕೇಳಿದ. ಟೈಪಿಸ್ಟ್ ಹುಡುಗಿ ಮಾತ್ರ ಮೆಚ್ಚಿಕೊಂಡಳು.

"ಏನಕ್ಕಾ, ಕೆನ್ನೆಯೆಲ್ಲ ತುಂಬಿಕೊಂಡು ಮುಖಕ್ಕೆ ಕಳೆ ಬಂದುಬಿಟ್ಟಿದೆ! ಯಾವ ಕ್ರೀಮು?"

"ಸ್ಟೀರಾಯ್ಡ್ ಮಾತ್ರೆ ಕಣೇ."

"ನಂಗೂ ಒಂದು ಶೀಟ್ ತಂದುಕೊಡಿ."

೪. ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ತಾವು ಗಮನವಿಟ್ಟು ಓದಬೇಕು.

ನನಗೆ ರಟ್ಟು ಕಟ್ಟುವುದನ್ನು ಕಲಿಸಿದವರು ಇದೇ ಕೋಣೆಯಲ್ಲಿ ಮೂವತ್ತಾರು ವರ್ಷ ದುಡಿದ ಹಿರಿಯರು. ಅವರ ಬೆರಳ ಸಂದಿಯಲ್ಲಿ ಸದಾ ಅಂಟು ಒಣಗಿರುತ್ತಿದ್ದರಿಂದ ಎಲ್ಲರೂ ಅವರನ್ನು ಅಂಟಜ್ಜ ಎನ್ನುತ್ತಿದ್ದರು. ಹಾಳೆಗಳನ್ನು ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಕೂರಿಸಿದ ಮೇಲೆ ಪುಸ್ತಕವನ್ನು ತಿರುಪಿನ ಒತ್ತುಹಲಗೆಯ ನಡುವೆ ಇಟ್ಟು ಬಿಗಿಯಬೇಕು. ಒಂದು ಸಲಕ್ಕೆ ನಾಲ್ಕು ಪುಸ್ತಕ ಹಿಡಿಯುತ್ತದೆ. ಇಷ್ಟು ಎಲ್ಲ ಕಡೆಯೂ ಇದ್ದದ್ದೇ. ಅಂಟಜ್ಜನ ಕ್ರಮ ಬೇರೆ ಇರುವುದು ಬಿಡಿಸುವುದರಲ್ಲಿ. ಎರಡು ದಿನ ಪೂರ್ತಿ ಬಿಗಿ. ಆಮೇಲೆ ನಾಲ್ಕು ಬೆಳಿಗ್ಗೆ, ಬೆಳಿಗ್ಗೆಗೆ ಕಾಲು ಸುತ್ತಿನಂತೆ ತಿರುಪು ಸಡಿಲ. ಆರನೆಯ ದಿನ ಪುಸ್ತಕ ಹೊರಗೆ.

ಕಲಿಯುವ ಕಾಲದಲ್ಲಿ ನಾನು ಕೇಳಿದ್ದೆ: "ಒಣಗಿದೆಯಲ್ಲ ಅಜ್ಜ, ಒಂದೇ ಸಲ ಬಿಡಿಸಿದರೆ ಏನಾಗುತ್ತೆ?"

"ಹೊರಗೆ ಒಣಗಿರುತ್ತೆ ತಂಗಿ. ಒಳಗೆ ಇನ್ನೂ ಹಲಗೆಯ ಮೇಲೇ ಒರಗಿಕೊಂಡು ನಿಂತಿರುತ್ತೆ. ಒರಗಿದ್ದನ್ನ ತಟ್ಟಂತ ಎಳೆದರೆ ಬೀಳಲ್ವೇ? ಸ್ವಲ್ಪ ಸ್ವಲ್ಪ ಬಿಡು. ತಾನೇ ನಿಲ್ಲೋದು ಕಲಿಯುತ್ತೆ."

ಈ ಮಾತನ್ನು ಹದಿನೆಂಟು ವರ್ಷ ಮೀರಿರಲಿಲ್ಲ. ನಲವತ್ತು ಮಿಲಿಗ್ರಾಮಿನ ಐದು ವಾರಗಳಲ್ಲಿ ಮೀರಿದೆ. ಕೈ ನಿಲ್ಲುತ್ತಿರಲಿಲ್ಲ, ಒಣಗುವವರೆಗೆ ಕಾಯಲು ತಾಳ್ಮೆ ಇರಲಿಲ್ಲ. ಬೆಳಿಗ್ಗೆ ಬಿಗಿದದ್ದನ್ನು ಸಂಜೆಗೆ ಬಿಡಿಸಿ ಮುಂದಿನದನ್ನು ಒಳಗಿಟ್ಟೆ. ವಾರಕ್ಕೆ ನಾಲ್ಕು ಆಗುತ್ತಿದ್ದ ಕೋಣೆಯಿಂದ ಐದು ವಾರಕ್ಕೆ ನಲವತ್ತಾರು ಪುಸ್ತಕಗಳು ಹೊರಬಂದವು. ಎಲ್ಲವೂ ಜನನದ ದಾಖಲೆಗಳು.

೫. ಇದನ್ನು ಕಂಡು ಮೇಲ್ವಿಚಾರಕರು ಸಂತೋಷಪಟ್ಟು, ನನ್ನ ಹೆಸರನ್ನು ಸೂಚನಾ ಫಲಕದಲ್ಲಿ ನಾಲ್ಕು ಮೊಳೆ ಹೊಡೆದು ಹಾಕಿಸಿದರು. "ಇದು ನಿಮ್ಮ ನಿಜವಾದ ಸಾಮರ್ಥ್ಯ ಅಮ್ಮ. ಹದಿನೆಂಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು. ವಾರಕ್ಕೆ ಒಂಬತ್ತು ಎಂದು ಹೊಸ ಗುರಿಯನ್ನೂ ಬರೆದರು. ಅದು ನನ್ನ ಸಾಮರ್ಥ್ಯವಲ್ಲ, ಮಾತ್ರೆಯದು ಎಂದು ನಾನು ಆಗ ಹೇಳಬೇಕಿತ್ತು. ಹೇಳಲಿಲ್ಲ. ಏಕೆಂದರೆ ಫಲಕದಲ್ಲಿ ಹೆಸರು ಚೆನ್ನಾಗಿ ಕಾಣುತ್ತಿತ್ತು. ದೇವರು ಇದನ್ನು ನೋಡಿದ್ದಾನೆ, ತಾವು ಮಲಗಿದ್ದಿರಿ.

೬. ತರುವಾಯ ಉಲ್ಲೇಖ (೧)ರ ಪಟ್ಟಿಯಂತೆ ಮಾತ್ರೆ ಇಳಿಯತೊಡಗಿತು. ಮೂವತ್ತೈದು, ಮೂವತ್ತು, ಇಪ್ಪತ್ತೈದು. ಎರಡೆರಡು ವಾರಕ್ಕೆ ಒಂದೊಂದು ಮೆಟ್ಟಿಲು. ಹತ್ತರ ಕೆಳಗೆ ಮೆಟ್ಟಿಲುಗಳು ಸಣ್ಣವಾದವು, ಒಂದೊಂದರ ಮೇಲೆ ನಿಲ್ಲುವುದು ಒಂದು ತಿಂಗಳಾಯಿತು. ಏಳೂವರೆಗೆ ಬಂದಾಗ ಯಜಮಾನರು ತಟ್ಟೆಯ ಬೆನ್ನ ಮೇಲೆ ಬ್ಲೇಡಿನಿಂದ ಮಾತ್ರೆ ಅರ್ಧ ಮಾಡುತ್ತಿದ್ದರು. ಒಂದು ಅರ್ಧ ಸಿಡಿದು ಅತ್ತೆಯವರ ಮಡಿಲಿಗೆ ಬಿದ್ದಾಗ ಅವರು ಅದನ್ನು ಎತ್ತಿ ಕಣ್ಣ ಹತ್ತಿರ ಹಿಡಿದು, "ಇಷ್ಟೇ ಇಷ್ಟಕ್ಕೆ ಇಷ್ಟು ದೊಡ್ಡ ಹೆಂಗಸನ್ನ ಎಬ್ಬಿಸೋ ಶಕ್ತಿ ಇದೆಯಲ್ಲ" ಎಂದು ಕೈಮುಗಿದು ಕೊಟ್ಟರು.

ಪ್ರತಿ ಮೆಟ್ಟಿಲಲ್ಲೂ ಮೊದಲ ಕೆಲವು ದಿನ ಮೈ ಒದ್ದೆ ಬಟ್ಟೆಯಂತಾಗುತ್ತದೆ. ಎದ್ದು ಕೂರುವುದೇ ಒಂದು ಕೆಲಸ. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು, "ಬೇಗ ಹತ್ತಿ ಅಮ್ಮ, ನೋಡೋಕೆ ಗಟ್ಟಿಮುಟ್ಟಾಗಿದ್ದೀರ" ಎನ್ನುತ್ತಾರೆ. ಮುಖ ಇನ್ನೂ ಗುಂಡಗಿರುವ ಕಾರಣ ಅವರ ಮೇಲೆ ದೂರು ಸಲ್ಲಿಸಲು ಬರುವುದಿಲ್ಲ.

೭. ಅಷ್ಟರಲ್ಲಿ ಪುಸ್ತಕಗಳು ಬಾಗಲು ಶುರುವಾದವು.

ಮೊದಲು ಒಂದೆರಡು. ಒಂದು ತಿಂಗಳೊಳಗೆ ಕಪಾಟಿನ ನಲವತ್ತಾರೂ ರಟ್ಟುಗಳು ಒಣಗಿದ ಎಲೆಯಂತೆ ಹೊರಕ್ಕೆ ಸುತ್ತಿಕೊಂಡು, ಸಾಲಾಗಿ ಆಕಳಿಸುತ್ತ ನಿಂತವು. ಕೆಲವುಗಳ ಬೆನ್ನು ಬಿಟ್ಟಿತು. ಒಬ್ಬ ವಯಸ್ಸಾದವರು ತಮ್ಮ ಜನನದ ನಕಲು ಕೇಳಿಕೊಂಡು ಬಂದಿದ್ದರು. ಪುಸ್ತಕ ತೆರೆದಾಗ ಅವರ ಹಾಳೆ ನನ್ನ ಕೈಗೇ ಬಂದುಬಿಟ್ಟಿತು. ಅವರು ಹಾಳೆಯನ್ನೂ ನನ್ನನ್ನೂ ನೋಡಿದರು.

"ಏನಮ್ಮ ಇದು, ನಾನು ಹುಟ್ಟಿದ್ದು ಕಿತ್ತು ಬಂತು?"

"ಮತ್ತೆ ಹೊಲೀತೀನಿ ಯಜಮಾನ್ರೇ."

"ಅಲ್ಲೀವರೆಗೂ ನಾನು ಏನ್ ಮಾಡ್ಲಿ?" ಎಂದು ಬೆಂಚಿನ ಮೇಲೆ ಕುಳಿತರು. ಅವರು ನಗುತ್ತಿದ್ದರು. ನಾನು ನಗಲಿಲ್ಲ. ಒಬ್ಬ ಮನುಷ್ಯ ಈ ಲೋಕಕ್ಕೆ ಬಂದದ್ದಕ್ಕೆ ಭೂಮಿಯ ಮೇಲೆ ಇರುವ ಸಾಕ್ಷಿ ಒಂದು ಹಾಳೆ, ಆ ಹಾಳೆಯನ್ನು ಹಿಡಿದಿಟ್ಟಿರುವುದು ನಾನು ಹೊಲಿದ ದಾರ. ಹದಿನೆಂಟು ವರ್ಷ ಇದನ್ನೇ ಪೂಜೆ ಎಂದು ತಿಳಿದವಳು ಐದು ವಾರ ಮಂತ್ರ ನುಂಗಿದಂತಾಗಿತ್ತು.

೮. ನಾಳೆಗೆ ನಾಲ್ಕು ವಾರ ತುಂಬುವ ಸೋಮವಾರದಂದು, ನಾನು ಐದು ಮಿಲಿಗ್ರಾಮಿಗೆ ಇಳಿದ ಮೊದಲ ದಿನವೇ, ಮೇಲಿನ ಕಚೇರಿಯ ತಪಾಸಣಾಧಿಕಾರಿಗಳು ನಾಳಿನ ಸೋಮವಾರ ಬರುವರೆಂಬ ಪತ್ರ ಬಂದಿತು. ಮೇಲ್ವಿಚಾರಕರು ನೆಲಮಾಳಿಗೆಗೆ ಇಳಿದುಬಂದರು. ಅವರು ಕೆಟ್ಟವರಲ್ಲವೆಂದು ಇಲ್ಲಿ ದಾಖಲಿಸಬಯಸುತ್ತೇನೆ. ಅವರಿಗೆ ಮೇಲಿನವರೆಂದರೆ ಭಯ. ಭಯವಾದಾಗ ಕನ್ನಡಕ ಒರೆಸುತ್ತಾರೆ. ಅಂದು ಎರಡು ಸಲ ಒರೆಸಿದರು.

"ಇಷ್ಟೂ ಬಾಗಿವೆಯಲ್ಲಮ್ಮ! ತಪಾಸಣೆಗೆ ಮುಂಚೆ ನಲವತ್ತಾರನ್ನೂ ಸರಿ ಮಾಡಿ."

"ಸಾಧ್ಯ ಇಲ್ಲ ಸರ್. ರಟ್ಟು ಬಿಚ್ಚಿ, ನೆನೆಸಿ, ಮತ್ತೆ ಒತ್ತಿಗೆ ಇಡಬೇಕು. ಆರು ದಿನಕ್ಕೆ ನಾಲ್ಕು."

"ಐದು ವಾರಕ್ಕೆ ನಲವತ್ತಾರು ಮಾಡಿದವರು ನೀವೇ ಅಲ್ವಾ?"

"ಆಗ ಮಾತ್ರೆ ಜಾಸ್ತಿ ಇತ್ತು ಸರ್."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ಹೊಸದಾಗಿ ನೋಡಿದರು. "ಹಾಗಾದ್ರೆ ಅದನ್ನೇ ಇನ್ನೊಂದು ತಿಂಗಳು ತಗೊಂಡುಬಿಡಿ. ತಪಾಸಣೆ ಆದಮೇಲೆ ಇಳಿಸಿಕೊಂಡರಾಯ್ತು. ಮನೆಯಲ್ಲಿ ಉಳಿದಿರುತ್ತಲ್ಲ?"

"ಬರಹದಲ್ಲಿ ಕೊಡ್ತೀರಾ ಸರ್?"

"ಇದೆಲ್ಲ ಬರಹದಲ್ಲಿ ಕೊಡೋದಲ್ಲಮ್ಮ. ಮೇಲಿನವರಿಗೆ ಸಿಟ್ಟು ಬಂದರೆ ನಿಮ್ಮನ್ನ ಮುಂದಿನ ಕೌಂಟರಿಗೆ ಹಾಕಬೇಕಾಗುತ್ತೆ. ದಿನವಿಡೀ ನಿಂತು ಸೀಲು ಹೊಡೆಯೋ ಕೆಲಸ. ನಿಮ್ಮ ಮೊಣಕಾಲು ನೋಡಿಕೊಂಡು ಹೇಳ್ತಾ ಇದೀನಿ, ನಿಮ್ಮ ಒಳ್ಳೇದಕ್ಕೇ."

ಇದೇ ಉಲ್ಲೇಖ (೨)ರ ಆದೇಶ.

೯. ತಪ್ಪೊಪ್ಪಿಗೆ. ಮರುದಿನ ಮಂಗಳವಾರ, ದಾರದ ಉಂಡೆಗಳ ಡಬ್ಬಿಯಲ್ಲಿ ನಾನು ಉಳಿಸಿಟ್ಟಿದ್ದ ಹಳೆಯ ಶೀಟು ತೆಗೆದು, ಒಂದರ ಬದಲು ನಾಲ್ಕು ಮಾತ್ರೆ, ಅಂದರೆ ಇಪ್ಪತ್ತು ಮಿಲಿಗ್ರಾಂ, ನುಂಗಿರುತ್ತೇನೆ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಬೆರಳುಗಳು ನನ್ನ ಮಾತು ಕೇಳಿದವು. ಐದು ಪುಸ್ತಕಗಳ ರಟ್ಟು ಬಿಚ್ಚಿ ಮತ್ತೆ ಕಟ್ಟಿದೆ. ಹಲಗೆಯಲ್ಲಿ ಒಂದೊಂದು ಗಂಟೆ ಒತ್ತಿ ಸಂಜೆಗೆ ಬಿಡಿಸಿದೆ. ಅಂದರೆ ಅದೇ ತಪ್ಪನ್ನು ಎರಡನೆಯ ಬಾರಿ, ತಿಳಿದೂ ತಿಳಿದೂ ಮಾಡಿದೆ. ಐದೂ ಆ ವಾರದೊಳಗೆ ಮತ್ತೆ ಬಾಗಿದವು.

ಅಂದು ಸಂಜೆ ಮನೆಗೆ ಬಂದಾಗ ಅತ್ತೆಯವರು ಸೂಜಿ ದಾರ ಹಿಡಿದು ಕಿಟಕಿಯ ಬಳಿ ಕುಳಿತಿದ್ದರು. ಅವರಿಗೆ ಕಣ್ಣು ಮಂಜು. "ಬಂದ್ಯಾ ಮಗಳೇ, ಇದಕ್ಕೊಂಚೂರು ದಾರ ಏರಿಸಿಕೊಡು" ಎಂದರು. ನಾನು, "ಒಂದು ದಾರ ಏರಿಸೋಕೂ ನಾನೇ ಬೇಕಾ? ಇಡೀ ದಿನ ಅದನ್ನೇ ಮಾಡಿ ಬಂದಿದೀನಿ!" ಎಂದು ಕೂಗಿದೆ. ಪಕ್ಕದ ಮನೆಯ ರೇಡಿಯೋ ಸದ್ದು ಕಡಿಮೆಯಾಯಿತು. ಅತ್ತೆಯವರು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಆ ಮುಚ್ಚಳದ ಸಣ್ಣ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಯಜಮಾನರಿಗೆ ನನ್ನ ಕೂಗು ಕೇಳಿಸಿತ್ತು. ಅವರು ಲಿಫ್ಟಿನ ಮೋಟಾರು ಹೇಗೆ ಸದ್ದು ಮಾಡಿದರೆ ಏನು ಕೆಟ್ಟಿದೆ ಎಂದು ಹೇಳಬಲ್ಲವರು. "ಎಷ್ಟು ನುಂಗಿದೆ?" ಎಂದು ಮಾತ್ರ ಕೇಳಿದರು. ನಾನು ನಾಲ್ಕು ಬೆರಳು ತೋರಿಸಿದೆ.

೧೦. ಬುಧವಾರ ಅವರೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮನವರು ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಕೇಳಿದರು.

"ಇಪ್ಪತ್ತು ತಗೋಳಿ ಅಂತ ಯಾರು ಹೇಳಿದ್ರು?"

"ನಮ್ಮ ಮೇಲ್ವಿಚಾರಕರು."

"ಅವರು ಎಲ್ಲಿ ಡಾಕ್ಟರಿಕೆ ಓದಿದ್ರು?"

"ಅವರು ಓದಿರೋದು ಸುತ್ತೋಲೆ ಮಾತ್ರ ಡಾಕ್ಟರೇ."

ಅವರು ನಗಲಿಲ್ಲ. ನನ್ನ ಮೂಳೆ ತೆಳುವಾಗುತ್ತಿರುವ ಚಿತ್ರ ತೋರಿಸಿದರು. ಸಕ್ಕರೆ ಏರಿರುವುದನ್ನೂ ತೋರಿಸಿದರು. "ಮಾತ್ರೆ ನಿಮ್ಮ ಶತ್ರು ಅಲ್ಲ. ಅವತ್ತು ಅದೇ ನಿಮ್ಮನ್ನ ಉಳಿಸಿದ್ದು. ಆದ್ರೆ ನಿಮ್ಮಿಷ್ಟಕ್ಕೆ ಏರಿಸೋದು, ನಿಮ್ಮಿಷ್ಟಕ್ಕೆ ನಿಲ್ಲಿಸೋದು ಎರಡೂ ಅಪಾಯ. ಐದರ ಕೆಳಗೆ ನಾವು ಇಳಿದ ಹಾಗೆಲ್ಲ ನಿಮ್ಮ ಸ್ವಂತ ಗ್ರಂಥಿಗಳು ಕೆಲಸ ಶುರು ಮಾಡಬೇಕು. ಮಾಡದಿದ್ರೆ ತಲೆ ಸುತ್ತುತ್ತೆ, ವಾಂತಿ, ಬಿದ್ದೂ ಬಿಡಬಹುದು. ಹಾಗೇನಾದ್ರೂ ಆದ್ರೆ ತಕ್ಷಣ ಬರಬೇಕು." ಎರಡು ವಾರ ಬಿಟ್ಟು ಒಂದು ಬೆಳಿಗ್ಗೆ, ಅಂದಿನ ಮಾತ್ರೆ ನುಂಗುವ ಮೊದಲು, ತಮ್ಮ ಬಗ್ಗೆ ವಿಚಾರಣೆಗೆಂದು ರಕ್ತ ತೆಗೆದರು. ಫಲಿತಾಂಶ ನೋಡಿ ಡಾಕ್ಟರಮ್ಮನವರು ಹೇಳಿದ ಮಾತನ್ನು ತಮ್ಮ ಅವಗಾಹನೆಗೆ ಯಥಾವತ್ತು ತರುತ್ತಿದ್ದೇನೆ: "ಇನ್ನೂ ನಿದ್ದೇಲಿದಾವೆ. ಆದ್ರೆ ಮಗ್ಗುಲು ಬದಲಾಯಿಸ್ತಾ ಇದಾವೆ. ಸೋಮವಾರದಿಂದ ನಾಲ್ಕಕ್ಕೆ ಇಳಿಸೋಣ."

ಮಗ್ಗುಲು ಬದಲಾಯಿಸುವವರೆಗೆ ಬಂದವರಿಗೆ ಒಂದು ಅರ್ಜಿ ಹಾಕಿದರೆ ತಪ್ಪಾಗಲಾರದೆಂದು ನನಗೆ ತೋರಿದ್ದು ಆಗಲೇ.

೧೧. ಉಲ್ಲೇಖ (೩)ರ ಕಥೆ. ಆಸ್ಪತ್ರೆಗೆ ಹೋಗಿಬಂದ ಆ ಬುಧವಾರದ ಸಂಜೆ ನಾನು ಅತ್ತೆಯವರ ಕಾಲ ಬಳಿ ಕುಳಿತು, "ತಪ್ಪಾಯ್ತು ಅತ್ತೆ" ಎಂದೆ. ಅವರು ನನ್ನ ಊದಿದ ಬೆರಳುಗಳನ್ನು ಒಂದೊಂದಾಗಿ ಸವರುತ್ತ ಕಥೆ ಶುರು ಮಾಡಿದರು. ಅವರು ಬೈಯುವ ಬದಲು ಕಥೆ ಹೇಳುವವರು. ಒಮ್ಮೊಮ್ಮೆ ಬೈದರೇ ವಾಸಿ ಅನ್ನಿಸುತ್ತದೆ.

"ಒಂದೂರಲ್ಲಿ ಒಂದೇ ಬಾವಿ. ನೀರು ಸೇದೋರು ಇಬ್ಬರು ಅಣ್ಣತಮ್ಮಂದಿರು. ದಿನಕ್ಕೆ ಐದು ಕೊಡ, ಊರಿಗೆ ಸಾಕು. ಒಂದು ದಿನ ಊರಿಗೆ ಬೆಂಕಿ ಬಿತ್ತು. ಐದು ಕೊಡಕ್ಕೆ ಆರುತ್ತಾ? ಎಲ್ಲಿಂದಲೋ ಒಬ್ಬ ಜಟ್ಟಿ ಬಂದ. ನಲವತ್ತು ಕೊಡ ಎತ್ತಿ ಸುರಿದ. ಬೆಂಕಿ ಆರಿತು. ಎಲ್ಲರೂ ಜಟ್ಟಿ ಕಾಲಿಗೆ ಬಿದ್ದರು. ಅಣ್ಣತಮ್ಮಂದಿರು ನಮಗೇನು ಕೆಲಸ ಅಂತ ಜಗಲಿ ಮೇಲೆ ಮಲಗಿದರು.

"ಜಟ್ಟಿ ಹೋಗಲಿಲ್ಲ. ಕೂತು ಉಂಡ. ಕಣಜ ಖಾಲಿ ಮಾಡಿದ. ಅವನು ನಡೆದರೆ ಮನೆ ಕಂಬಗಳು ಬಿರುಕು ಬಿಟ್ಟವು. ಊರವರು ಹೊರಡಪ್ಪಾ ಅಂದರು. ಅವನು ಎದ್ದ. ಆಗ ಒಬ್ಬ ಮುದುಕಿ ಅಂದಳು: ತಡೀರೋ, ಇವನು ಒಂದೇ ಸಲ ಹೋದರೆ ನಾಳೆ ನೀರು ಯಾರು ಕೊಡ್ತಾರೆ? ಆ ಇಬ್ಬರಿಗೆ ಹಗ್ಗ ಹಿಡಿಯೋದೇ ಮರೆತುಹೋಗಿದೆ. ಜಟ್ಟಿ, ನೀನು ದಿನಾ ಒಂದೊಂದು ಕೊಡ ಕಡಿಮೆ ಸೇದು."

"ಆಮೇಲೆ?"

"ಅವನು ಇಳಿಸ್ತಾ ಇಳಿಸ್ತಾ ಐದು ಕೊಡಕ್ಕೆ ಬಂದ, ಮಾರನೇ ದಿನ ನಾಲ್ಕೇ ಸೇದಿದ. ಊರಲ್ಲಿ ಒಂದು ಕೊಡ ನೀರು ಸಾಲದೆ ಹೋಯ್ತು."

"ಆ ಒಂದು ಕೊಡ ಯಾರು ಸೇದಿದರು ಅತ್ತೆ?"

"ಬಾಯಾರಿದವರು," ಎಂದರು ಅತ್ತೆಯವರು. "ಜಗಲಿ ಮೇಲೆ ಮಲಗಿದವರಿಗೂ ಬಾಯಾರುತ್ತೆ ಮಗಳೇ."

"ಇಬ್ಬರೂ ಎದ್ದರಾ?"

"ಅದನ್ನ ನೀನು ನೋಡಿ ಹೇಳು. ನಾನು ಕೇಳಿರೋ ಕಥೆ ಇಷ್ಟೇ."

ಇದನ್ನು ಕೇಳಿ ನನಗೆ ಅಂಟಜ್ಜನ ಒತ್ತುಹಲಗೆ ನೆನಪಾಯಿತು. ತಿಂಗಳುಗಟ್ಟಲೆ ಡಾಕ್ಟರಮ್ಮನವರು ನನ್ನ ತಿರುಪನ್ನು ಕಾಲು ಕಾಲು ಸುತ್ತಾಗಿ ಬಿಡಿಸುತ್ತಿದ್ದರು. ನನ್ನ ಕೈಯಿಂದ ಹದಿನೆಂಟು ವರ್ಷ ಆದ ಕೆಲಸವನ್ನೇ ನನ್ನ ಮೇಲೆ ಯಾರೋ ಮಾಡುವಾಗ ನನಗೆ ಗುರುತು ಸಿಕ್ಕಿರಲಿಲ್ಲ.

೧೨. ಆದ್ದರಿಂದ ಗುರುವಾರ ನಾನು ಮೇಲ್ವಿಚಾರಕರ ಮುಂದೆ ನಿಂತು, ಉಳಿದಿದ್ದ ಮಾತ್ರೆಗಳನ್ನು ಯಜಮಾನರು ತಮ್ಮ ಉಪಕರಣಗಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುವುದಾಗಿಯೂ, ಬೀಗದ ಕೈ ನನ್ನಲ್ಲಿ ಇಲ್ಲವೆಂದೂ ತಿಳಿಸಿದೆ.

"ಹಾಗಾದ್ರೆ ತಪಾಸಣೆ ಹೊತ್ತಿಗೆ ಎಷ್ಟು ಆಗುತ್ತೆ?" ಎಂದರು.

"ಹನ್ನೆರಡು ಸರ್."

"ನಲವತ್ತಾರರಲ್ಲಿ ಹನ್ನೆರಡಾ! ಉಳಿದ ಮೂವತ್ತನಾಲ್ಕರ ಬಗ್ಗೆ ನಾನೇನು ಹೇಳ್ಲಿ?"

"ಆತುರದಲ್ಲಿ ಬಿಡಿಸಿದ್ದು, ತಪ್ಪು ರಟ್ಟು ಕಟ್ಟೋಳದು ಅಂತ ಹೇಳಿ ಸರ್. ಅವಳೇ ಕ್ರಮವಾಗಿ ಸರಿ ಮಾಡ್ತಾ ಇದಾಳೆ ಅಂತಾನೂ ಹೇಳಿ. ಎರಡೂ ನಿಜ."

"ಇಷ್ಟು ನಿಜ ನಾನು ಮೇಲಿನವರ ಹತ್ರ ಯಾವತ್ತೂ ಹೇಳಿಲ್ಲಮ್ಮ," ಎಂದು ಅವರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕುಳಿತರು. "ನೀವೇ ಹೇಳ್ತೀರಾ? ಅವರು ಹನ್ನೊಂದು ಗಂಟೆಗೆ ನೆಲಮಾಳಿಗೆಗೆ ಬರ್ತಾರೆ."

"ಹೇಳ್ತೀನಿ ಸರ್."

"ನಿಂತುಕೊಂಡು ಹೇಳಬೇಕಾಗುತ್ತೆ."

"ಗೊತ್ತು ಸರ್."

ಫಲಕದಿಂದ ನನ್ನ ಹೆಸರನ್ನು ಅಂದೇ ತೆಗೆಸಿದರು. ಮೊಳೆ ಹೊಡೆದ ನಾಲ್ಕು ತೂತುಗಳು ಉಳಿದಿವೆ.

೧೩. ಮೂರು ವಾರಗಳಲ್ಲಿ ಹನ್ನೆರಡು ಪುಸ್ತಕ ಸರಿಯಾಗಿವೆ. ಬೆರಳು ಬಾಗದ ಬೆಳಿಗ್ಗೆಗಳಲ್ಲಿ ಬಿಸಿನೀರಿನಲ್ಲಿ ಕೈ ಅದ್ದಿ ಕುಳಿತು, ಹತ್ತು ಗಂಟೆಯ ಮೇಲೆ ದಬ್ಬಣ ಹಿಡಿದೆ. ಬಿಗಿಯುವಾಗ ತಿರುಪಿನ ಹಿಡಿಯನ್ನು ಎಳೆಯಲು ಶಕ್ತಿ ಸಾಲದೆ ಟೈಪಿಸ್ಟ್ ಹುಡುಗಿಯನ್ನು ಕರೆದೆ. ಬಿಡಿಸುವ ಕಾಲು ಸುತ್ತನ್ನು ಮಾತ್ರ ನಾನೇ ತಿರುಗಿಸಿದೆ. ಅದಕ್ಕೆ ಬೇಕಾದಷ್ಟು ಬಲ ಐದು ಮಿಲಿಗ್ರಾಮಿನಲ್ಲಿಯೂ ಇದೆ. ಬೆಂಚಿನ ಮೇಲೆ ಕುಳಿತ ಆ ವಯಸ್ಸಾದವರ ಪುಸ್ತಕವನ್ನು ಮೊದಲ ಸರದಿಯಲ್ಲೇ ಸೇರಿಸಿದ್ದೆ. ಅವರು ಬಂದು ತಮ್ಮ ಹಾಳೆಯನ್ನು ಮೆಲ್ಲಗೆ ಎಳೆದು ನೋಡಿ, "ಈಗ ಗಟ್ಟಿಯಾಗಿ ಹುಟ್ಟಿದೀನಿ" ಎಂದು ಹೋದರು.

೧೪. ನಾಳೆ ಸೋಮವಾರ. ಮಾತ್ರೆ ಐದರಿಂದ ನಾಲ್ಕಕ್ಕೆ ಇಳಿಯುವ ದಿನವೂ ಅದೇ, ತಪಾಸಣೆಯ ದಿನವೂ ಅದೇ. ಇಳಿಸುವುದನ್ನು ಒಂದು ವಾರ ಮುಂದೂಡಬಹುದೇ ಎಂದು ಡಾಕ್ಟರಮ್ಮನವರನ್ನು ಫೋನಿನಲ್ಲಿ ಕೇಳಿದೆ. "ಬೇಕಾದ್ರೆ ಮುಂದೂಡಬಹುದು, ತೊಂದರೆ ಇಲ್ಲ. ಆದ್ರೆ ಮುಂದಿನ ವಾರವೂ ನಿಮ್ಮ ಕಚೇರಿಯಲ್ಲಿ ಏನಾದ್ರೂ ಇದ್ದೇ ಇರುತ್ತೆ. ಯೋಚನೆ ಮಾಡಿ ನೀವೇ ಹೇಳಿ," ಎಂದರು. ನಾನು ಯೋಚನೆ ಮಾಡಿದೆ. ಮುಂದೂಡಬೇಡಿ ಎಂದು ಹೇಳಿದೆ. ಅವರಿಗೆ ಹೇಳಿದ ಮೇಲೆ ತಮ್ಮನ್ನು ಕೇಳದೆ ಹೇಳಿಬಿಟ್ಟೆನೆಂದು ಹೊಳೆಯಿತು. ಕಾರಣ ಈ ಅರ್ಜಿ.

ಕೋರಿಕೆ:

ಮಾನ್ಯರೇ, ನಲವತ್ತನ್ನು ನಾನು ಕೇಳುತ್ತಿಲ್ಲ. ಆ ಕಾಲದ ವೇಗ ನನಗೆ ಬೇಡ. ಅದು ಕಟ್ಟಿದ್ದೆಲ್ಲ ಬಾಗಿದೆ. ತಮ್ಮ ಹಳೆಯ ಐದನ್ನೂ ಒಮ್ಮೆಲೇ ಕೇಳುತ್ತಿಲ್ಲ. ನಾಲ್ಕು ಮಿಲಿಗ್ರಾಂ ಮಾತ್ರೆಯಾಗಿ ಬರುತ್ತದೆ. ಕೊರತೆ ಬೀಳುವುದು ಒಂದು. ಆ ಒಂದು ಕೊಡವನ್ನು ತಾವು ಸೇದಬೇಕು. ತಮ್ಮಲ್ಲಿ ಒಬ್ಬರು ಹಗ್ಗ ಹಿಡಿದು ಇನ್ನೊಬ್ಬರು ಕೊಡ ಹಿಡಿದರೂ ಸಾಕು. ಕೈ ತಪ್ಪಿ ಅರ್ಧ ಚೆಲ್ಲಿದರೆ ನಾನು ಆಕ್ಷೇಪಿಸುವುದಿಲ್ಲ, ಏಳು ತಿಂಗಳು ಮಲಗಿದವರ ಕೈ ಹೇಗಿರುತ್ತದೆಂದು ನನಗೆ ಗೊತ್ತು. ಹನ್ನೊಂದು ಗಂಟೆಗೆ ತಪಾಸಣಾಧಿಕಾರಿಗಳ ಮುಂದೆ ಗೋಡೆ ಹಿಡಿಯದೆ ನಿಂತು ನಾಲ್ಕು ವಾಕ್ಯ ಹೇಳುವಷ್ಟು ಮಾಡಿಕೊಡಿ. ಉಳಿದದ್ದನ್ನು ನಾನು ಕುಳಿತು ಮಾಡಿಕೊಳ್ಳುತ್ತೇನೆ. ಮುಂದಿನ ತಿಂಗಳು ಇನ್ನೊಂದು ಮಿಲಿಗ್ರಾಮಿನ ವಿಷಯವಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಲಾಗುವುದು.

ತಮಗೆ ಬರಲಾಗದಿದ್ದಲ್ಲಿ ಅದನ್ನೂ ತಪ್ಪೆಂದು ಬರೆಯುವುದಿಲ್ಲ. "ಸ್ಟೀರಾಯ್ಡ್ ಮಾತ್ರೆಯವರು, ಬಿದ್ದರೆ ತಕ್ಷಣ ಆಸ್ಪತ್ರೆಗೆ ತನ್ನಿ" ಎಂಬ ಡಾಕ್ಟರಮ್ಮನವರ ಚೀಟಿ ನನ್ನ ಚೀಲದಲ್ಲಿದೆ, ಯಜಮಾನರು ನಾಳೆ ಕೆಲಸಕ್ಕೆ ರಜೆ ಹಾಕಿ ನಮ್ಮ ಕಚೇರಿಯ ಎದುರಿನ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಕೇಳಿದರೆ, "ನಿಮ್ಮ ಕಚೇರಿಯ ಲಿಫ್ಟಿನ ಸದ್ದು ಸರಿಯಿಲ್ಲ, ಕೇಳಿಸಿಕೊಳ್ಳೋಕೆ ಬಂದೆ" ಎನ್ನುತ್ತಾರಂತೆ. ನಮ್ಮ ಕಚೇರಿಯಲ್ಲಿ ಲಿಫ್ಟ್ ಇರುವುದಿಲ್ಲ.

ಆದ್ದರಿಂದ ದಯಾಪೂರ್ಣರಾದ ತಾವು ಈ ಮನವಿಯನ್ನು ಸಹಾನುಭೂತಿಯಿಂದ ಪರಿಗಣಿಸಬೇಕಾಗಿ ಕೋರಿ, ಭಾನುವಾರದ ಈ ಮಧ್ಯಾಹ್ನ ಊಟದ ಮೇಜಿನ ಮೇಲೆ, ಹತ್ತು ನಿಮಿಷಕ್ಕೊಮ್ಮೆ ಪೆನ್ನು ಕೆಳಗಿಟ್ಟು ಬೆರಳು ಬಿಡಿಸಿಕೊಳ್ಳುತ್ತ ಬರೆದಿರುವ

ತಾವಿರುವ ಮನೆಯ ವಿಶ್ವಾಸಿ,
ರಟ್ಟು ಕಟ್ಟುವವಳು
(ಸಹಿ ಸ್ವಲ್ಪ ಸೊಟ್ಟಗಿದೆ, ನನ್ನದೇ.)

ಅಡಕಗಳು:
೧. ಡಾಕ್ಟರಮ್ಮನವರ ಪಟ್ಟಿಯ ನಕಲು.
೨. ನಾಲ್ಕು ಮಿಲಿಗ್ರಾಂ ಮಾತ್ರೆ, ಸಣ್ಣ ಬಟ್ಟಲಿನಲ್ಲಿ, ಬೆಳಗಿನ ತಿಂಡಿಯ ನಂತರ ತಲುಪಿಸಲಾಗುವುದು.
೩. ಒಂದು ಮಿಲಿಗ್ರಾಂ: ಲಗತ್ತಿಸಿರುವುದಿಲ್ಲ. ತಾವೇ ಲಗತ್ತಿಸತಕ್ಕದ್ದು.
೪. ಅತ್ತೆಯವರ ಸೂಜಿ ಮತ್ತು ಬಿಳಿ ದಾರ. ಆ ಬುಧವಾರದಿಂದ ಪ್ರತಿ ಸಂಜೆ ಏರಿಸಿಕೊಡುತ್ತ ಬಂದಿದ್ದೇನೆ. ನಿನ್ನೆ ಏಳು ಸಲ ತಪ್ಪಿ ಎಂಟನೆಯ ಸಲ ಏರಿತು. ಅತ್ತೆಯವರು ಎಣಿಸುತ್ತಿದ್ದರು.

ಪ್ರತಿಗಳು: ಅತ್ತೆಯವರಿಗೆ (ಓದಿ ಹೇಳಲಾಗಿದೆ, ಜಟ್ಟಿಯ ಕೊಡಗಳ ಲೆಕ್ಕ ಸರಿಯಿದೆ ಎಂದಿದ್ದಾರೆ). ಯಜಮಾನರಿಗೆ (ಕಚೇರಿ ಪ್ರತಿ, ಉಪಕರಣಗಳ ಪೆಟ್ಟಿಗೆಯಲ್ಲಿಡಲು).

ವಿಶೇಷ ಸೂಚನೆ: ತಾವು ಹಾಜರಾದ ಬಗ್ಗೆ ಬರಹದ ವರದಿ ಬೇಕಿಲ್ಲ. ಬೆಳಿಗ್ಗೆ ಆರಕ್ಕೆ ನಾನು ಹಾಸಿಗೆಯಲ್ಲೇ ಕೈ ಎತ್ತಿ ಮುಷ್ಟಿ ಬಿಗಿದು ನೋಡುತ್ತೇನೆ. ಹೆಬ್ಬೆರಳು ಒಳಗೆ ಸೇರುವ ಅಗತ್ಯವಿಲ್ಲ. ಕಾಲು ಭಾಗ ಮುಚ್ಚಿದರೆ ತಾವು ಬಂದಿದ್ದೀರೆಂದು ಹಾಜರಿ ಹಾಕಿಕೊಳ್ಳುತ್ತೇನೆ.